ಜೂನ್ ಒಂದರ ಮಕ್ಕಳು

ಸ್ಟೇಷನ್ ರಸ್ತೆ, ವಿಜಯಪುರ
೪ ಅಕ್ಟೋಬರ್ ೨೦೨೪

ಪ್ರಿಯ ಮಹಾನಂದಾ,

ನಿನ್ನೆ ನನ್ನ ಮಾತು ಮುಗಿಯುವ ಮೊದಲೇ ನೀನು ಫೋನ್ ಇಟ್ಟೆ. ಮತ್ತೆ ಮಾಡಿದರೆ ಎತ್ತಲಿಲ್ಲ. ಫೋನಿನಲ್ಲಿ ನಾವಿಬ್ಬರೂ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡುತ್ತೇವೆ. ಶಿಕ್ಷಕರ ತರಬೇತಿಯ ಕಾಲದಲ್ಲೂ ಹಾಗೇ ಇದ್ದೆವು. ಆದ್ದರಿಂದ ಬರೆಯುತ್ತಿದ್ದೇನೆ. ಕಾಗದವನ್ನಾದರೂ ಕೊನೆಯವರೆಗೆ ಓದು.

ಆಗಸ್ಟಿನಲ್ಲಿ ನಾನು ನನ್ನ ಸಂಶೋಧನೆಗಾಗಿ ಐದನೇ ತರಗತಿಯ ಮಕ್ಕಳಿಗೆ ಕೊಟ್ಟ ಬುದ್ಧಿಮಾಪನ ಪರೀಕ್ಷೆಯ ಫಲಿತಾಂಶ ಬಂದಿದೆ. ಮುಖ್ಯ ಶಿಕ್ಷಕಿಯಾದ ನಿನಗೆ ಅದನ್ನು ತಿಳಿಸುವುದು ನನ್ನ ಕರ್ತವ್ಯ. ವಿಜಯಪುರದ ಕನ್ನಡ ಶಾಲೆಗಳ ಸರಾಸರಿ ನೂರಾ ಒಂದು. ನಗರದ ಉರ್ದು ಶಾಲೆಗಳದು ತೊಂಬತ್ತೆರಡು. ತಿಕೋಟಾ, ಬಬಲೇಶ್ವರ ಕಡೆಯ ತೋಟಗಳ ನಡುವಿನ ವಸ್ತಿಗಳ ಶಾಲೆಗಳದು, ಅಂದರೆ ನಿಮ್ಮಂಥ ಶಾಲೆಗಳದು, ಎಂಬತ್ತನಾಲ್ಕು.

ಇಷ್ಟೇ ಆಗಿದ್ದರೆ ನಾನು ಫೋನ್ ಮಾಡುತ್ತಿರಲಿಲ್ಲ. ಈ ಅಧ್ಯಯನಕ್ಕೆ ಹಣ ಕೊಟ್ಟ ಟ್ರಸ್ಟಿನವರು ಮುಂದಿನ ವರ್ಷದ ವಸತಿ ಶಾಲೆಗೆ ಮಕ್ಕಳನ್ನು ಆರಿಸಲು ಇದೇ ಅಂಕಿಗಳನ್ನು ಬಳಸುತ್ತಾರಂತೆ. ಎಪ್ಪತ್ತಕ್ಕಿಂತ ಕಡಿಮೆ ಬಂದವರಿಗೆ ವಸತಿ ಶಾಲೆ ಇಲ್ಲ; ಅವರನ್ನು ಬಬಲೇಶ್ವರದಲ್ಲಿ ತೆರೆಯಲಿರುವ ಪ್ರತ್ಯೇಕ ತರಗತಿಗೆ ಹಾಕುತ್ತಾರೆ. ಪರೀಕ್ಷೆಗೆ ಮೊದಲು ಅವರು ಇದನ್ನು ನನಗೆ ಹೇಳಿರಲಿಲ್ಲ. ನಿನ್ನ ಶಾಲೆಯಲ್ಲಿ ಎಪ್ಪತ್ತರ ಕೆಳಗೆ ಒಬ್ಬಳೇ ಇದ್ದಾಳೆ, ಸಿದ್ದರಾಯನ ಮಗಳು ಸಕ್ರವ್ವ. ಅವಳದು ಅರವತ್ತೆಂಟು. ಅವಳು ಅಕ್ಕ ಎನ್ನುವ ಗೌರಾಬಾಯಿಗೆ ತೊಂಬತ್ತೊಂದು ಬಂದಿದೆ, ಅವಳಿಗೆ ಸೀಟು ಸಿಗುತ್ತದೆ.

ಇನ್ನೊಂದು ಪ್ರಶ್ನೆ, ಇದಕ್ಕೆ ಸಂಬಂಧವಿಲ್ಲದಿರಬಹುದು. ನಿಮ್ಮ ವಸ್ತಿಯ ಮಕ್ಕಳಲ್ಲಿ ನಾಲ್ಕು ಜೊತೆ ಅವಳಿಗಳಿದ್ದಾರೆ. ಸಕ್ರವ್ವ, ಗೌರಾಬಾಯಿ ಕೂಡ ನನ್ನ ಪಟ್ಟಿಯಲ್ಲಿ ಅವಳಿಗಳೇ. ನಗರದ ಅಷ್ಟೂ ಶಾಲೆಗಳಲ್ಲಿ ಒಂದು ಜೊತೆಯೂ ಇಲ್ಲ. ಇದು ಹೇಗೆ?

ನಿನ್ನ,
ರುಕ್ಸಾರ


ಹೊನವಾಡ
೧೧ ಅಕ್ಟೋಬರ್ ೨೦೨೪

ರುಕ್ಸಾರ,

ಕೊನೆಯವರೆಗೆ ಓದಿದೆ. ಎರಡು ಸಲ ಓದಿದೆ.

ನಿನ್ನ ಕಾಗದ ತಲುಪುವ ಮೊದಲೇ ಟ್ರಸ್ಟಿನ ನದೀಮ ಮೋಟಾರ್ ಸೈಕಲ್ ಮೇಲೆ ವಸ್ತಿಗೆ ಬಂದು ಮನೆ ಮನೆಗೆ ಅಂಕಿ ಹೇಳಿ ಹೋಗಿದ್ದಾನೆ. ಒಬ್ಬೊಬ್ಬರ ಅಂಕಿಯನ್ನು ಯಾರಿಗೂ ಹೇಳುವುದಿಲ್ಲ ಎಂದು ನನ್ನ ಶಾಲೆಯ ಜಗಲಿಯ ಮೇಲೆ ನಿಂತು ನೀನು ತಾಯಂದಿರಿಗೆ ಮಾತು ಕೊಟ್ಟಿದ್ದೆ. ನಾನು ಪಕ್ಕದಲ್ಲೇ ಇದ್ದೆ. ನನ್ನನ್ನು ನೋಡಿಯೇ ಅವರು ಒಪ್ಪಿದ್ದು.

ಮರುದಿನ ಬೆಳಿಗ್ಗೆ ಸಿದ್ದರಾಯ ಬಂದ. ಚಪ್ಪಲಿ ಕಳಚಿ ಹೊರಗೇ ನಿಂತ.

"ಅಕ್ಕೋರ, ನಮ್ಮ ಸಕ್ರಿ ತಲಿ ಸರಿ ಇಲ್ಲಂತಲ್ರಿ?"

"ಯಾರ ಹೇಳಿದ್ರು ನಿನಗ?"

"ಗಾಡಿ ಮ್ಯಾಲ ಬಂದಾವ ಹೇಳ್ಯಾನ. ಅರವತ್ತೆಂಟ ಬಿದ್ದಾವಂತ. ನೂರಕ್ಕ ಅರವತ್ತೆಂಟ ಅಂದ್ರ ಪಾಸಲ್ಲೇನ್ರಿ?"

"ಇದು ನೂರಕ್ಕಲ್ಲೋ ಸಿದ್ದರಾಯ."

"ಮತ್ತ ಎಷ್ಟಕ್ಕ?"

ನೀನೇ ಹೇಳು, ರುಕ್ಸಾರ. ಎಷ್ಟಕ್ಕೆ?

"ಹೋಗಲಿ ಬಿಡ್ರಿ" ಅಂದ. "ಗೌರಿ ಶಾಣ್ಯಾಕಿ ಅದಾಳಂತ, ಆಕಿ ಹಾಸ್ಟೆಲಿಗಿ ಹೋಗ್ಲಿ. ಇಕಿಗಿ ಸಾಲಿ ಯಾಕ? ದೀಪಾವಳಿ ಆದಮ್ಯಾಲ ಕುರಿ ನಾಕ ತಿಂಗಳ ಮೇಯಾಕ ಹೊಂಟಾವ, ನಮ್ಮ ಜೋಡಿ ಬರ್ಲಿ."

ಅವನು ದುಃಖದಿಂದ ಹೇಳಿದ್ದರೆ ಸಮಾಧಾನ ಹೇಳಬಹುದಿತ್ತು. ಒಂದು ಲೆಕ್ಕ ಬಗೆಹರಿಯಿತು ಎನ್ನುವ ಹಾಗೆ ಹೇಳಿದ. ಸಕ್ರವ್ವ ಬಾಗಿಲ ಹಿಂದೆಯೇ ಇದ್ದಳು.

ಅವಳು ಇಡೀ ಹಿಂಡಿನ ಕುರಿಗಳನ್ನು ಮುಖ ನೋಡಿ ಗುರುತಿಸುತ್ತಾಳೆ, ಆದ್ದರಿಂದ ಜಾಣೆ ಎಂದು ನಾನು ಬರೆಯುವುದಿಲ್ಲ. ಆ ಬಗೆಯ ಹೊಗಳಿಕೆಯನ್ನು ನಾನು ಚಿಕ್ಕವಳಿದ್ದಾಗ ಬೇಕಾದಷ್ಟು ಕೇಳಿದ್ದೇನೆ. ನನ್ನಪ್ಪನೂ ಕುರಿ ಕಾಯ್ದವನು. ಹೊಗಳಿದವರು ಯಾರೂ ನನಗೆ ಭಾಗಾಕಾರ ಕಲಿಸಲಿಲ್ಲ. ಸಕ್ರವ್ವನಿಗೆ ಭಾಗಾಕಾರ ಬರಬೇಕು, ಅವಳಿಗೆ ಆ ಸೀಟು ಸಿಗಬೇಕು. ನನಗೆ ಬೇಕಾದದ್ದು ಇಷ್ಟೇ. ನೀನು ಏನು ಮಾಡುತ್ತೀ ಹೇಳು.

ಮಹಾನಂದಾ


ವಿಜಯಪುರ
೧೫ ಅಕ್ಟೋಬರ್ ೨೦೨೪

ಮಹಾನಂದಾ,

ನದೀಮನಿಗೆ ಹೆಸರಿನ ಪಟ್ಟಿ ನನ್ನಿಂದ ಹೋಗಿಲ್ಲ. ನನ್ನ ಮಾರ್ಗದರ್ಶಕರಾದ ಮಲ್ಲಿನಾಥ ಸರ್ ಕೊಟ್ಟಿದ್ದಾರೆ. ಕೇಳಿದ್ದಕ್ಕೆ, "ಹಣ ಕೊಟ್ಟವರು ಕೇಳಿದ್ರು, ಕೊಟ್ಟೆ" ಎಂದರು. ನಾನು ಅವರ ಕೋಣೆಯಲ್ಲಿ ಹಿಂದೆಂದೂ ಏರಿಸದಷ್ಟು ಧ್ವನಿ ಏರಿಸಿದೆ. ಅದರಿಂದ ನಿನಗೇನೂ ಆಗಬೇಕಾಗಿಲ್ಲ. ಆ ತಾಯಂದಿರಿಗೆ ಮಾತು ಕೊಟ್ಟವಳು ನಾನು.

ಆದರೆ ಅಂಕಿಯ ವಿಷಯ ಬೇರೆ. ನೀನು ಹೇಳದಿದ್ದರೂ ನಿನ್ನ ಕಾಗದದಲ್ಲಿ ಒಂದು ಮಾತಿದೆ: ಪೇಟೆಯವಳಾದ ನಾನು ವಸ್ತಿಯ ಮಕ್ಕಳನ್ನು ದಡ್ಡರೆಂದು ಅಳೆದೆ ಎಂದು. ಕೋಷ್ಟಕದ ನಡುವಿನ ಸಾಲನ್ನು, ಉರ್ದು ಶಾಲೆಗಳದನ್ನು, ಇನ್ನೊಮ್ಮೆ ನೋಡು. ಅಂಥ ಒಂದು ಶಾಲೆಯಲ್ಲಿ ನಾನು ಏಳನೆಯವರೆಗೆ ಓದಿದ್ದೇನೆ. ಆ ಸಾಲನ್ನು ನಾನು ಅಳಿಸಲಿಲ್ಲ. ಮೊನ್ನೆ ಅದು ಹೇಗೋ ಅಬ್ಬಾನ ಕಿವಿಗೂ ಬಿದ್ದಿತು. ಅಂಗಡಿಯಲ್ಲಿ ಗಿರಾಕಿಗಳ ಎದುರೇ ಕೇಳಿದರು.

"ಏನ ಬೇ ರುಕ್ಸಾರ, ನಮ್ಮ ಮಕ್ಕಳು ದಡ್ಡರು ಅಂತ ಬರದೀಯಂತ?"

"ದಡ್ಡರು ಅಂತ ಬರದಿಲ್ಲ ಅಬ್ಬಾ, ನಂಬರ ಬರದೇನಿ."

"ಬುಡ್ಡೇಸಾಬನ ಮಗಳು ಹೇಳ್ಯಾಳಂದ್ರ ಖರೇನ ಇರಬೇಕು ಅಂತಾರ ಮಂದಿ. ಹೊರಗಿನಾವ ಬರದಿದ್ರ ಬೈದು ಸುಮ್ಮ ಕೂಡ್ತಿದ್ದೆ."

ಒಬ್ಬ ಗಿರಾಕಿ ನಕ್ಕ. ಅಬ್ಬಾ ನಗಲಿಲ್ಲ. ಅಂದಿನಿಂದ ಊಟಕ್ಕೆ ನನಗಾಗಿ ಕಾಯುವುದಿಲ್ಲ.

ಮಲ್ಲಿನಾಥ ಸರ್ ಹೇಳಿದ್ದರಲ್ಲಿ ಒಂದನ್ನು ನಾನು ತಳ್ಳಿಹಾಕಲಾರೆ. ಅಂಕಿ ಮುಚ್ಚಿಟ್ಟರೆ ನಿಜವಾಗಿ ಹಿಂದುಳಿದ ಮಗುವಿಗೆ ಸಿಗುವ ನೆರವೂ ಮುಚ್ಚಿಹೋಗುತ್ತದೆ ಎನ್ನುತ್ತಾರೆ. ಗುಂಪುಗಳ ನಡುವೆ ಅಂತರ ಏಕಿದೆ ಎಂಬುದು ಒಂದು ಪ್ರಶ್ನೆ, ಇದೆಯೋ ಇಲ್ಲವೋ ಎಂಬುದು ಬೇರೆ ಪ್ರಶ್ನೆ. ಇದೆ ಎಂದವರನ್ನೆಲ್ಲ ನೀನು ಶತ್ರುಗಳೆಂದು ತಿಳಿಯಬೇಡ.

ಸಕ್ರವ್ವನಿಗಾಗಿ ನಾನು ಅಂಕಿ ತಿದ್ದುವುದಿಲ್ಲ. ಅಳತೆಯಲ್ಲಿ ತಪ್ಪಿದ್ದರೆ ತಿದ್ದುತ್ತೇನೆ. ನೀನು ನನ್ನ ಅವಳಿಗಳ ಪ್ರಶ್ನೆಗೆ ಉತ್ತರ ಕೊಡಲಿಲ್ಲ.

ರುಕ್ಸಾರ


ಹೊನವಾಡ
೧೯ ಅಕ್ಟೋಬರ್ ೨೦೨೪

ರುಕ್ಸಾರ,

ನೀನು ಹುಟ್ಟಿದ ದಿನ ಯಾವುದು?

ನಿನ್ನ ಆಧಾರ್ ಕಾರ್ಡಿನಲ್ಲಿ ಜೂನ್ ಒಂದು, ಶಾಲೆ ಶುರುವಾಗುವಾಗ ಶಿಕ್ಷಕರು ಅಂದಾಜಿನಿಂದ ಬರೆದ ದಿನ. ನನ್ನದರಲ್ಲೂ ಜೂನ್ ಒಂದು. ತರಬೇತಿ ಕಾಲೇಜಿನ ಹಾಸ್ಟೆಲಿನಲ್ಲಿ ಅರ್ಧಕ್ಕರ್ಧ ಹುಡುಗಿಯರದು ಜೂನ್ ಒಂದು, ಒಂದೇ ಕೇಕು ತಂದು ಎಲ್ಲರಿಗೂ ಹಂಚಿದ್ದೆವು. ನೀನು ಹುಟ್ಟಿದ್ದು ಮೊಹರಮ್ಮಿನಲ್ಲಿ, ಚಳಿಯಿತ್ತು ಎಂದು ನಿನ್ನ ಚಿಕ್ಕಮ್ಮ ಆಶಾಬಿ ಚಾಚಿ ನನ್ನೆದುರೇ ಹೇಳಿದ್ದಾರೆ. ಅಂಥವಳು ನನ್ನ ದಾಖಲಾತಿ ಪುಸ್ತಕದಿಂದ ಮಕ್ಕಳ ಹುಟ್ಟಿದ ದಿನಗಳನ್ನು ಒಂದೊಂದಾಗಿ ಇಳಿಸಿಕೊಳ್ಳುವಾಗ ಏನನ್ನೂ ಕೇಳಲಿಲ್ಲ. ನಾನು ಚಹಾ ತಂದುಕೊಟ್ಟೆ, ನೀನು ಕುಡಿದೆ. ಬರೆದುಕೊಳ್ಳುತ್ತಲೇ ಹೋದೆ.

ಅವಳಿಗಳು ಯಾರೂ ಇಲ್ಲ. ಅಕ್ಕ ಶಾಲೆಗೆ ಬಂದರೆ ತಂಗಿಯೂ ಬೆನ್ನು ಹತ್ತಿ ಬರುತ್ತಾಳೆ. ಇಬ್ಬರನ್ನೂ ಒಂದೇ ದಿನ ದಾಖಲು ಮಾಡಿ ಇಬ್ಬರಿಗೂ ಅಕ್ಕನ ವಯಸ್ಸಿನ ಜೂನ್ ಒಂದನ್ನೇ ಬರೆಯುತ್ತೇವೆ. ನನಗಿಂತ ಮೊದಲಿದ್ದವರು ಹಾಗೇ ಮಾಡಿದರು, ನಾನೂ ಮಾಡುತ್ತೇನೆ. ಇಬ್ಬರನ್ನೂ ಹಿಡಿದು ಕೂಡಿಸದಿದ್ದರೆ ತಂಗಿಯನ್ನು ನೋಡಿಕೊಳ್ಳಲು ಅಕ್ಕ ಮನೆಯಲ್ಲಿ ಉಳಿಯುತ್ತಾಳೆ. ಕೊರೊನಾದ ವರ್ಷ ಶಾಲೆ ಮುಚ್ಚಿತ್ತು, ದಾಖಲಾತಿ ಮಾತ್ರ ನಡೆಯಬೇಕಿತ್ತು. ಮಕ್ಕಳು ಕಡಿಮೆಯಾದರೆ ವಸ್ತಿ ಶಾಲೆಯನ್ನೇ ಎತ್ತಿ ದೊಡ್ಡ ಊರಿನ ಶಾಲೆಗೆ ಸೇರಿಸುತ್ತಾರೆ. ನಾನು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮನೆ ಮನೆಗೆ ಹೋಗಿ ಬರೆದುಕೊಂಡೆ. ಸಕ್ರವ್ವ ಆಗ ಅಂಗಳದಲ್ಲಿ ಬರಿಮೈಯಲ್ಲಿ ಆಡುತ್ತಿದ್ದ ಕೂಸು. ಕೆರೆಗೆ ಕಾಲುವೆ ನೀರು ಬರುವಾಗ ಇನ್ನೂ ಹಾಲು ಕುಡಿಯುತ್ತಿದ್ದಳು ಎನ್ನುತ್ತಾಳೆ ಅವಳ ಅವ್ವ. ಈಗ ಅವಳಿಗೆ ಎಂಟು ತುಂಬಿ ಸ್ವಲ್ಪ ಆಗಿರಬೇಕು. ನಿನ್ನ ಪಟ್ಟಿಯಲ್ಲಿ ಹತ್ತು ದಾಟಿದ್ದಾಳೆ.

ಇದಕ್ಕೆ ನನಗೆ ನಾಚಿಕೆಯಿಲ್ಲ. ನಾಳೆ ಅಂಥ ಮನೆ ಸಿಕ್ಕರೆ ನಾಳೆಯೂ ಹಾಗೇ ಬರೆಯುತ್ತೇನೆ.

ಇದನ್ನು ಗೆಳತಿಗೆ ಬರೆದಿದ್ದೇನೆ, ಸಂಶೋಧಕಿಗೆ ಅಲ್ಲ. ಎಲ್ಲಿಯೂ ಬಳಸಬೇಡ. ಮುಖ್ಯ ಶಿಕ್ಷಕಿಯೇ ತಪ್ಪು ದಿನಾಂಕ ಬರೆದಳು ಎಂದು ಗೊತ್ತಾದರೆ ನನಗೆ ನೋಟಿಸು ಬರುತ್ತದೆ, ನೌಕರಿಯೂ ಹೋಗಬಹುದು.

ಮಹಾನಂದಾ


ವಿಜಯಪುರ
೨೪ ಅಕ್ಟೋಬರ್ ೨೦೨೪

ಮಹಾನಂದಾ,

ನೀನು ಬರೆದದ್ದು ನಿಜ. ಕೇಳಬೇಕಿತ್ತು, ಕೇಳಲಿಲ್ಲ. ದಿನಾಂಕ ಎಂದು ಬರೆದಿದ್ದನ್ನು ದಿನಾಂಕ ಎಂದೇ ಓದಿದೆ.

ನಮ್ಮ ಪರೀಕ್ಷೆಯ ಪದ್ಧತಿ ಹಳೆಯದು. ಮಗು ಬಿಡಿಸಿದ ಲೆಕ್ಕ, ಒಗಟು, ಚಿತ್ರಗಳನ್ನು ನೋಡಿ ಅದು ಎಷ್ಟು ವಯಸ್ಸಿನ ಮಗುವಿನ ಹಾಗೆ ಬಿಡಿಸಿತು ಎಂದು ಮೊದಲು ತೀರ್ಮಾನಿಸುತ್ತೇವೆ. ಅದನ್ನು ಮಗುವಿನ ನಿಜವಾದ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸುತ್ತೇವೆ. ಸಿದ್ದರಾಯನಿಗೆ ಬೇಕಾದ ಉತ್ತರ ಇದೇ: ಅಂಕಿ ಅವಳ ವಯಸ್ಸಿಗೆ. ಸಕ್ರವ್ವ ಏಳು ವರ್ಷದ ಮಗುವಿನ ಹಾಗೆ ಬಿಡಿಸಿದ್ದಾಳೆ. ಹತ್ತು ದಾಟಿದವಳಾದರೆ ಅರವತ್ತೆಂಟು. ಎಂಟು ದಾಟಿದವಳಾದರೆ ಎಂಬತ್ತಮೂರು. ಎಂಬತ್ತಮೂರು ಬಂದ ಮಕ್ಕಳು ಎಲ್ಲ ಶಾಲೆಗಳಲ್ಲೂ ಇದ್ದಾರೆ, ಅವರನ್ನು ಯಾರೂ ಬೇರೆ ಕೋಣೆಯಲ್ಲಿ ಕೂಡಿಸುವುದಿಲ್ಲ.

ನೀನು ಬಳಸಬೇಡ ಎಂದಿದ್ದೆ. ನಾನು ನಿನ್ನ ಹೆಸರು ಹೇಳದೆ ಮೊನ್ನೆ ಬಬಲೇಶ್ವರದ ಕಡೆಯ ಎರಡು ವಸ್ತಿಗಳಿಗೆ ಹೋಗಿ ತಾಯಂದಿರನ್ನು ಕೇಳಿದೆ. ನೋಟು ರದ್ದಾದ ವರ್ಷ ಮಗು ನಡೆಯುತ್ತಿತ್ತೋ, ಅಂಬೆಗಾಲಿಡುತ್ತಿತ್ತೋ ಎಂದು. ಅಲ್ಲಿಯೂ ಅದೇ ಕಥೆ. ಅಂದಾಜು ವಯಸ್ಸು ಹಾಕಿ ಲೆಕ್ಕ ಮಾಡಿದರೆ ವಸ್ತಿ ಶಾಲೆಗಳ ಸರಾಸರಿ ತೊಂಬತ್ತೆರಡರ ಹತ್ತಿರ ಬರುತ್ತದೆ. ನಗರದೊಂದಿಗಿನ ಅಂತರ ಅರ್ಧದಷ್ಟಾಗುತ್ತದೆ. ಪೂರ್ತಿ ಹೋಗುವುದಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನೀನು ನನಗೆ ಮೋಸ ಮಾಡಿದೆ ಎನ್ನಬಾರದು. ಉಳಿದ ಅಂತರ ಎಲ್ಲಿಂದ ಬಂತು ಎಂದು ನನ್ನ ಪರೀಕ್ಷೆ ಹೇಳುವುದಿಲ್ಲ. ನನಗೆ ತಿಳಿದಿದೆ ಎಂದು ನಾನೂ ಹೇಳುವುದಿಲ್ಲ.

ಮಲ್ಲಿನಾಥ ಸರ್‌ಗೆ ತೋರಿಸಿದೆ. ನೋಡಿ ಕಾಗದ ಪಕ್ಕಕ್ಕಿಟ್ಟರು.

"ತಾಯಂದಿರು ನೆನಪಿಂದ ಹೇಳಿದ್ದನ್ನ ದಾಖಲೆ ಮುಂದ ಇಟ್ಟರ ಯಾರ ಒಪ್ಪತಾರ? ಮಗು ಶಾಣ್ಯಾ ಕಾಣಲಿ ಅಂತ ವಯಸ್ಸು ಇಳಿಸಿ ಹೇಳ್ಯಾರ ಅಂತಾರ. ದಾಖಲೆ ತಪ್ಪು ಐತಿ ಅಂತ ದಾಖಲೆ ಬರದವರ ಸಹಿ ಮಾಡಿ ಕೊಡಲಿ, ಆವಾಗ ಬದಲಿ ಮಾಡೂಣು."

ಬಬಲೇಶ್ವರದ ಕಡೆಯ ಮುಖ್ಯ ಶಿಕ್ಷಕರು ಇಬ್ಬರೂ ಸಹಿ ಮಾಡುವುದಿಲ್ಲ ಎಂದರು. ನಿನ್ನನ್ನು ನಾನು ಕೇಳುವುದಿಲ್ಲ, ಬಳಸಬೇಡ ಎಂದಿದ್ದೀ. ಆದರೆ ತಪ್ಪೆಂದು ಗೊತ್ತಾದ ಮೇಲೆ ಹಳೆಯ ಅಂಕಿಗಳ ಕೆಳಗೆ ನನ್ನ ಹೆಸರು ಹಾಕಲೂ ಆಗುವುದಿಲ್ಲ. ಆದ್ದರಿಂದ ವಸ್ತಿ ಶಾಲೆಗಳ ಸಾಲನ್ನು ವರದಿಯಿಂದ ಪೂರ್ತಿ ತೆಗೆದಿದ್ದೇನೆ. ಇನ್ನು ನಿಮ್ಮ ಮಕ್ಕಳ ಬಗ್ಗೆ ಯಾರೂ ಏನೂ ಹೇಳಲಾರರು. ಇದಕ್ಕಿಂತ ಹೆಚ್ಚಿನದು ನನಗೆ ತೋಚಲಿಲ್ಲ.

ರುಕ್ಸಾರ


ಹೊನವಾಡ
೨೯ ಅಕ್ಟೋಬರ್ ೨೦೨೪

ರುಕ್ಸಾರ,

ಯಾರೂ ಏನೂ ಹೇಳಲಾರರು. ಸರಿಯಾಗಿ ಬರೆದಿದ್ದೀ.

ನಿನ್ನೆ ನದೀಮ ಮತ್ತೆ ಬಂದಿದ್ದ. ವರದಿಯಲ್ಲಿ ಇಲ್ಲದ ಶಾಲೆಗಳ ಮಕ್ಕಳನ್ನು ಈ ವರ್ಷ ಪರಿಗಣಿಸುವುದಿಲ್ಲವಂತೆ. ಸೀಟುಗಳೆಲ್ಲ ಪೇಟೆಯ ಶಾಲೆಗಳಿಗೆ ಹೋಗುತ್ತವೆ. ಗೌರಾಬಾಯಿಗೆ ಸಿಗಬೇಕಾಗಿದ್ದದ್ದೂ ಹೋಯಿತು. ಮೊದಲು ನೀನು ನಮ್ಮನ್ನು ಕೆಳಗಿನ ಸಾಲಿನಲ್ಲಿಟ್ಟೆ, ಈಗ ಸಾಲನ್ನೇ ಒರೆಸಿದೆ. ಎರಡನ್ನೂ ನಿನ್ನ ಮನಸ್ಸಾಕ್ಷಿಯಂತೆ ಮಾಡಿದೆ. ನಿನ್ನ ಮನಸ್ಸಾಕ್ಷಿಗೆ ನನ್ನ ಮಕ್ಕಳು ಇನ್ನೆಷ್ಟು ಕೊಡಬೇಕು?

ಸಹಿ ಮಾಡಲು ನಾನು ಹೆದರುತ್ತೇನೆ, ಹೌದು. ಮನೆಯಲ್ಲಿ ನನ್ನೊಬ್ಬಳ ಸಂಬಳ. ಅದು ಒಂದು ಕಡೆ ಇರಲಿ, ನೀನು ಲೆಕ್ಕ ಹಾಕದ ಸಂಗತಿ ಇನ್ನೊಂದಿದೆ. ವಸತಿ ಶಾಲೆಗೆ ಸೇರಲು ಬರುವ ಜೂನ್ ಒಂದಕ್ಕೆ ಹತ್ತು ವರ್ಷ ತುಂಬಿರಬೇಕು. ನಾನು ಬರೆದ ವಯಸ್ಸಿನಲ್ಲಿ ಸಕ್ರವ್ವನಿಗೆ ತುಂಬಿರುತ್ತದೆ, ಬುದ್ಧಿ ಸಾಲದು. ನಿಜವಾದ ವಯಸ್ಸಿನಲ್ಲಿ ಬುದ್ಧಿ ಸಾಕಾಗುತ್ತದೆ, ವಯಸ್ಸು ಸಾಲದು. ಯಾವುದಕ್ಕೆ ಸಹಿ ಮಾಡಲಿ? ಎರಡು ಕಡೆಯಿಂದಲೂ ಅವಳ ಸೀಟು ಹೋಗುತ್ತದೆ.

ಇವತ್ತು ಅವಳು ಪಾಟಿ, ಬಳಪ ಹಿಡಿದುಕೊಂಡು ಬಂದು ಕೇಳಿದಳು. "ಅಕ್ಕೋರ, ನಾ ಅರವತ್ತೆಂಟ ಆದ್ರ, ದಿನಾ ಸಾಲಿಗಿ ಬಂದ್ರ ಎಪ್ಪತ್ತ ಆಕ್ಕೇನೇನ್ರಿ?" ನಾನು ಆಗುತ್ತೀ ಎಂದೆ. ದೀಪಾವಳಿ ನಾಡಿದ್ದು. ಹಬ್ಬ ಮುಗಿದ ಮೇಲೆ ಕುರಿಗಳು ಹೊರಡುತ್ತವೆ.

ನಿನ್ನ ಉಳಿದ ಅಂತರ ಎಲ್ಲಿಂದ ಬಂತೆಂದು ನಿನಗೆ ತಿಳಿಯದಂತೆ. ಕುರಿಗಳ ಜೊತೆ ನಾಲ್ಕು ತಿಂಗಳು ಹೋಗಿ ಬಂದ ಮಗುವಿನ ಪಕ್ಕದಲ್ಲಿ ಕುಳಿತು ನಾನು ಮತ್ತೆ ಅಆಇಈಯಿಂದ ಶುರು ಮಾಡುತ್ತೇನೆ. ನಿನ್ನ ಪರೀಕ್ಷೆಯಲ್ಲಿ ಒಂದು ಚಿತ್ರವಿತ್ತು, ಲಿಫ್ಟಿನ ಬಾಗಿಲು, ಅದರಲ್ಲಿ ಇಲ್ಲದ ಗುಂಡಿ ಯಾವುದು ಎಂದು. ನನ್ನ ಮಕ್ಕಳು ಅದನ್ನು ಕಬ್ಬಿಣದ ಕಪಾಟು ಎಂದರು. ನೀನೂ ಅಲ್ಲೇ ನಿಂತು ಕೇಳಿಸಿಕೊಂಡೆ. ತಪ್ಪು ಎಂದು ಗುರುತು ಹಾಕಿದೆ.

ಇನ್ನು ಬರೆಯಬೇಡ.

ಮಹಾನಂದಾ


ವಿಜಯಪುರ
೩ ನವೆಂಬರ್ ೨೦೨೪

ಮಹಾನಂದಾ,

ಬರೆಯಬೇಡ ಎಂದರೂ ಬರೆಯುತ್ತಿದ್ದೇನೆ. ವರದಿಯನ್ನು ಈ ತಿಂಗಳ ಇಪ್ಪತ್ತರವರೆಗೆ ತಡೆಹಿಡಿದಿದ್ದೇನೆ. ನಿನ್ನ ಸಹಿ ಬಂದರೆ ನಿನ್ನ ಶಾಲೆಯ ಸಾಲು ಸರಿಯಾದ ವಯಸ್ಸಿನೊಂದಿಗೆ ಒಳಗೆ ಬರುತ್ತದೆ, ಗೌರಾಬಾಯಿಯ ಸೀಟು ಉಳಿಯುತ್ತದೆ. ಸಕ್ರವ್ವನ ಹೆಸರಿನ ಮುಂದಿನ ಅರವತ್ತೆಂಟು ಹೋಗುತ್ತದೆ. ಅವಳ ಈ ವರ್ಷದ ಸೀಟನ್ನು ನಾನು ಉಳಿಸಲಾರೆ. ಕಪಾಟಿನ ಮಾತೂ ನಿಜ. ಅದನ್ನು ವರದಿಯಲ್ಲಿ ಬರೆದಿದ್ದೇನೆ.

ನೀನು ಎರಡು ಕಡೆಯ ಲೆಕ್ಕ ಹಾಕಿದೆ. ಮೂರನೆಯದೊಂದಿದೆ, ಅದನ್ನು ನೀನು ಹಾಕಲಾರೆ ಎಂದು ನನಗೆ ಗೊತ್ತು. ನಿನ್ನ ತಂಗಿಯ ಲಗ್ನದಲ್ಲಿ ನಾನೂ ಊಟ ಮಾಡಿದ್ದೇನೆ. ಶಾಲೆಯ ದಾಖಲೆಯಲ್ಲಿ ಅವಳಿಗೆ ಹದಿನೆಂಟು ತುಂಬಿತ್ತು, ಆದ್ದರಿಂದ ಯಾರೂ ಏನೂ ಕೇಳಲಿಲ್ಲ. ಅವಳಿಗೆ ಹದಿನಾರು ಎಂದು ನಿನಗೆ ತಿಳಿದಿತ್ತು. ನನಗೂ ತಿಳಿದಿತ್ತು.

ಸಕ್ರವ್ವನ ದಾಖಲೆಯಲ್ಲಿ ಎರಡು ವರ್ಷ ಹೆಚ್ಚಿಗೆ ಇದೆ.

ರುಕ್ಸಾರ


ಹೊನವಾಡ
೨೫ ನವೆಂಬರ್ ೨೦೨೪

ರುಕ್ಸಾರ,

ಹದಿನೆಂಟನೇ ತಾರೀಖು ಹೊನವಾಡದ ಬಸ್ಸಿನಲ್ಲಿ ಕಳಿಸಿದ ಲಕೋಟೆ ನಿನಗೆ ಸಿಕ್ಕಿತೆಂದು ನದೀಮ ಹೇಳಿದ. ಸಹಿ ಮಾಡಿದ ಹೇಳಿಕೆಯ ಜೊತೆ ನಾನು ಏನೂ ಬರೆದಿರಲಿಲ್ಲ. ನಿನ್ನ ಹಿಂದಿನ ಕಾಗದಕ್ಕೆ ಉತ್ತರ ಬರೆಯಲು ಕುಳಿತವಳು ಹಾಳೆ ಹರಿದು ಹಾಕಿದೆ. ಈಗಲೂ ಅದಕ್ಕೆ ಉತ್ತರ ಬರೆಯುವುದಿಲ್ಲ. ಏನಾಯಿತು ಎಂಬುದನ್ನಷ್ಟೇ ಬರೆಯುತ್ತೇನೆ.

ಸಹಿ ಮಾಡುವ ಮೊದಲು ತಂದೆತಾಯಿಗಳನ್ನು ಶಾಲೆಗೆ ಕರೆದೆ. ಕುರಿಗಳನ್ನು ಒಂದು ವಾರ ತಡೆದು ಸಿದ್ದರಾಯನೂ ಬಂದ. ನಾನು ಬರೆದ ದಿನಾಂಕಗಳು ಸುಳ್ಳು, ಇನ್ನು ಸರಿಯಾದದ್ದನ್ನು ಬರೆಯುತ್ತೇನೆ, ಮೇಲಿನ ಕಚೇರಿಗೂ ಕಳಿಸುತ್ತೇನೆ ಎಂದೆ. ಮೊದಲು ಮಾತಾಡಿದವನು ದ್ರಾಕ್ಷಿ ತೋಟದ ಲಾಡಲೇಸಾಬ.

"ಅಂದ್ರ ನನ್ನ ಮಗಗ ಒಂದ ವರ್ಷ ಕಡಿಮಿ ಆತು?"

"ಹೌದು."

"ಮುಂದ ನೌಕರಿ ಅರ್ಜಿಗಿ ಒಂದ ವರ್ಷ ಹೆಚ್ಚಿಗಿ ಸಿಕ್ತಂದಂಗಾತು. ಬರೀರಿ ಅಕ್ಕೋರ, ಎರಡ ವರ್ಷ ಬರೀರಿ!"

ಎಲ್ಲರೂ ನಕ್ಕರು. ಸಿದ್ದರಾಯ ನಗಲಿಲ್ಲ.

"ಸಕ್ರಿದು?"

"ಎರಡು ವರ್ಷ ಹಿಂದಕ್ಕ ಹೋಗತೈತಿ. ಅವಳ ಬುದ್ಧಿ ಸರಿ ಐತಿ ಸಿದ್ದರಾಯ. ಎಂಟು ವರ್ಷದ ಕೂಸಿನ ಮುಂದ ಹತ್ತು ವರ್ಷದವರ ತೂಕ ಇಟ್ಟಿದ್ರು. ಅದನ್ನ ಇಟ್ಟಾಕಿ ನಾ."

"ಅದು ಬಿಡ್ರಿ. ಹದಿನೆಂಟ ತುಂಬೂದು?"

"ಅದೂ ಎರಡು ವರ್ಷ ಮುಂದ ಹೋಗತೈತಿ."

ಅವನು ಒಂದು ಹೆಜ್ಜೆ ಮುಂದೆ ಬಂದ. "ಹಂಗ ಮಾಡಬ್ಯಾಡ್ರಿ ಅಕ್ಕೋರ. ಅಕ್ಕನ ಮಗಗ ಕೊಡತೀನಂತ ಮಾತು ಕೊಟ್ಟೇನಿ. ಅವರು ಈಗಿಂದ ವರ್ಷ ಎಣಸಾಕತ್ತಾರ."

ಹಿಂದಿನ ಸಾಲಿನಲ್ಲಿ ಅವನ ಹೆಂಡತಿ ಕುಳಿತಿದ್ದಳು. ನಾನು ಈ ಶಾಲೆಗೆ ಬಂದ ಮೇಲೆ ಆಕೆ ಸಭೆಯಲ್ಲಿ ಬಾಯಿ ತೆರೆದದ್ದನ್ನು ಕಂಡಿಲ್ಲ.

"ಮಾತು ನೀ ಕೊಟ್ಟಿ" ಅಂದಳು. "ನಾ ಕೊಟ್ಟಿಲ್ಲ."

"ನಡುವ ಬಾಯಿ ಹಾಕಬ್ಯಾಡ ನೀ."

"ಹಡದಾಕಿಗಿ ಗೊತ್ತಿಲ್ಲೇನ ಯಾವಾಗ ಹಡದೇನಂತ? ಬರಕೋರಿ ಅಕ್ಕೋರ. ಸೀತನಿ ತೆನಿ ಸುಟ್ಟು ತಿಂದಿದ್ವಿ, ಜ್ವಾಳದ ರಾಶಿ ಇನ್ನೂ ಆಗಿದ್ದಿಲ್ಲ. ಆವಾಗ ಹುಟ್ಟ್ಯಾಳ. ಕೆರಿಗಿ ನೀರು ಬರೂದಕ್ಕ ಮುಂಚಿನ ವರ್ಷ."

ನಾನು ಬರೆದುಕೊಂಡೆ. ಸಿದ್ದರಾಯ ಚಪ್ಪಲಿ ಮೆಟ್ಟಿ ಹೊರಟವನು ತಿರುಗಿ ಕೇಳಿದ.

"ನಿಮಗ ಶಿಕ್ಷಾ ಆಗತೈತೇನ್ರಿ?"

"ಆಗಬಹುದು."

"ಗೊತ್ತಿದ್ದೂ ಬರದ್ರಿ?"

"ಬರದೆ."

ಅವನು ಜಗಲಿ ಇಳಿದು ಹೋದ. ಎರಡು ದಿನದ ನಂತರ ಕುರಿಗಳು ಹೊರಟವು. ನಾನು ರಸ್ತೆಗೆ ಹೋಗಿ ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ.

ನನಗೆ ನೋಟಿಸು ಬಂದಿದೆ. ಹದಿನೈದು ದಿನದಲ್ಲಿ ಉತ್ತರ ಕೊಡಬೇಕು. ನಿನ್ನ ಮಲ್ಲಿನಾಥ ಸರ್ ಬೇಕಾದರೆ ನನ್ನ ಪರವಾಗಿ ಒಂದು ಪತ್ರ ಬರೆದುಕೊಡುತ್ತಾರೆಂದು ನದೀಮ ಹೇಳಿದ. ಬೇಡ ಎನ್ನು. ಉಳಿದ ಅಂತರವನ್ನು ನೀನು ವರದಿಯಲ್ಲಿ ಬರೆಯುತ್ತೀಯಲ್ಲ, ಬರೆ. ಅದು ಏಕೆ ಎಂದು ತಿಳಿಯದು ಎಂಬುದನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆ. ಇಲ್ಲದಿದ್ದರೆ ನೋಡಿದವರು ಮೊದಲ ಸಾಲನ್ನಷ್ಟೇ ಓದಿ ಮಡಚಿ ಇಡುತ್ತಾರೆ.

ಕುರಿಗಳು ಹೋದ ಮರುದಿನ ಅವ್ವನ ಕೈ ಹಿಡಿದು ಸಕ್ರವ್ವ ಶಾಲೆಗೆ ಬಂದಳು. ಈ ವರ್ಷ ತಾಯಿಯೂ ಕುರಿಗಳ ಹಿಂದೆ ಹೋಗದೆ ಉಳಿದಿದ್ದಾಳೆ. ಹಾಜರಿಯಲ್ಲಿ ಸಕ್ರವ್ವ ಇನ್ನೂ ಐದನೆಯ ತರಗತಿಯವಳೇ, ಮೇಲಿನಿಂದ ಅನುಮತಿ ಬರಬೇಕು. ಆದರೆ ನಾನು ಅವಳನ್ನು ಮೂರನೆಯವರ ಜೊತೆ ಕೂಡಿಸಿದೆ. ಅವಳು ಕೂಡಲಿಲ್ಲ. ಪಾಟಿಚೀಲ ಎದೆಗೆ ಒತ್ತಿಕೊಂಡು ನಿಂತಳು.

"ನಾ ಐದನೇತ್ತಾಕಿ. ಇವು ಸಣ್ಣ ಹುಡುಗರು."

"ನೀನೂ ಸಣ್ಣಾಕಿನ ಅದಿ. ಈ ವರ್ಷ ಇಲ್ಲಿ ಕೂಡು, ಆಮ್ಯಾಲ ನೋಡೂಣು."

"ನನ್ನ ಬುದ್ಧಿ ಇನ್ನೂ ಕಡಿಮಿ ಆತೇನ್ರಿ?"

"ಬುದ್ಧಿ ಕಡಿಮಿ ಆಗಿಲ್ಲವ್ವಾ. ವಯಸ್ಸು ಕಡಿಮಿ ಆಗೇತಿ."

ಪಾಟಿಚೀಲ ಕೆಳಗಿಟ್ಟಳು.

"ಯಾರ ಕಡಿಮಿ ಮಾಡಿದ್ರು?"

"ನಾನ ಮಾಡೇನಿ."

"ಹಂಗಾರ ನಮ್ಮವ್ವಂದೂ ಮಾಡ್ರಿ."

ಮೂರನೆಯವರು ನಕ್ಕರು. ಸಕ್ರವ್ವ ಅವರನ್ನು ಒಂದು ಸಲ ನೋಡಿ, ಅವರ ನಡುವೆ ಜಾಗ ಮಾಡಿಕೊಂಡು ಕುಳಿತಳು. ಅವಳ ಅವ್ವ ಇನ್ನೂ ಬಾಗಿಲಲ್ಲೇ ನಿಂತಿದ್ದಳು. ಆಕೆ ನಗಲಿಲ್ಲ.

ನಿನ್ನ ಮೇಲಿನ ಸಿಟ್ಟು ಹೋಗಿಲ್ಲ,
ಮಹಾನಂದಾ